ಬಾಟಲಿಯ ಹೆಗಲಲ್ಲಿ ಉಳಿದ ಎಣ್ಣೆ: ಒಂದು ಗಾಣದ ಪ್ರಕರಣ

ತುಮಕೂರು ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ಮರದ ಗಾಣ ಇದೆ. ಎತ್ತಿನ ಗಾಣವಲ್ಲ, ಮೋಟಾರಿನದು. ಕೊಬ್ಬರಿ, ಕಡಲೆಕಾಯಿ, ಎಳ್ಳು, ಕುಸುಬೆ, ಹೀಗೆ ನಾಲ್ಕು ಎಣ್ಣೆ ತೆಗೆಯುತ್ತಾರೆ. ಪ್ಲಾಸ್ಟಿಕ್ ಬೇಡ ಅಂತ ಮೊದಲಿನಿಂದಲೂ ಗಾಜಿನ ಬಾಟಲಿಯಲ್ಲೇ ಮಾರಾಟ. ಖಾಲಿ ಬಾಟಲಿ ವಾಪಸ್ ತಂದರೆ ಮುಂದಿನ ಲೀಟರಿನಲ್ಲಿ ಬಾಟಲಿ ದುಡ್ಡು ಕಳೆಯುತ್ತಾರೆ. ಗಿರಾಕಿಗಳಿಗೆ ಈ ಲೆಕ್ಕ ಹಿಡಿಸಿತು. ಅಟ್ಟದ ಮೇಲಿದ್ದ ಬಾಟಲಿಗಳೆಲ್ಲ ಚೀಲ ಚೀಲವಾಗಿ ಬರತೊಡಗಿದವು.

ಕೆಲವು ತಿಂಗಳಲ್ಲಿ ದೂರು ಶುರುವಾಯಿತು. ಎಣ್ಣೆ ಕಮಟು ವಾಸನೆ ಬರುತ್ತಿದೆ, ಮೊದಲಿನ ಹಾಗಿಲ್ಲ ಅಂತ. ಯಜಮಾನರಿಗೆ ಮೊದಲು ಬಂದ ಅನುಮಾನ ಕಾಳಿನ ಮೇಲೆ. ಹಳೆಯ ಕಡಲೆಕಾಯಿ ಬೀಜ ಹಾಕಿಬಿಟ್ಟಿದ್ದಾರೆ ಅಂತ ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡರು. ಆದರೆ ಅವರ ಹೆಂಡತಿ ಒಂದು ವಿಷಯ ಗಮನಿಸಿದ್ದರು. ಒಂದೇ ದಿನ ತೆಗೆದ ಎಣ್ಣೆ, ಹೊಸ ಬಾಟಲಿಗೆ ತುಂಬಿದ್ದು ಚೆನ್ನಾಗಿತ್ತು, ವಾಪಸ್ ಬಂದ ಬಾಟಲಿಗೆ ತುಂಬಿದ್ದು ಮಾತ್ರ ಕೆಡುತ್ತಿತ್ತು. ಅಲ್ಲಿಗೆ ತಪ್ಪು ಗಾಣದ್ದಲ್ಲ, ತೊಳೆಯುವ ಕಟ್ಟೆಯದು ಅಂತಾಯಿತು.

ನಾನು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವವನು. ಬ್ಯೂರೆಟ್, ಪಿಪೆಟ್, ಉದ್ದ ಕತ್ತಿನ ಫ್ಲಾಸ್ಕು, ಇವನ್ನು ತೊಳೆಯೋದು ನಮಗೆ ದಿನದ ಪಾಡು. ದೂರದ ನೆಂಟಸ್ತಿಕೆಯೂ ಇತ್ತು. ಹಾಗಾಗಿ ಕರೆ ಬಂತು.

ಕತ್ತು ಮತ್ತು ಹೊಟ್ಟೆ

ಅಲ್ಲಿ ಬಾಟಲಿ ತೊಳೆಯುವವರು ಅದೇ ಊರಿನ ಒಬ್ಬ ಅಕ್ಕ. ಅವರ ಮುಂದೆ ಬ್ರಷ್‌ಗಳ ಒಂದು ರಾಶಿಯೇ ಇತ್ತು. ಮಕ್ಕಳ ಹಾಲಿನ ಬಾಟಲಿ ಬ್ರಷ್, ತುದಿಗೆ ಸ್ಪಂಜು ಇರುವುದು, ಲ್ಯಾಬಿನ ಟೆಸ್ಟ್ ಟ್ಯೂಬ್ ಬ್ರಷ್ ತರಹದ ಸಣ್ಣದು, ಎಲ್ಲ. ತೊಂದರೆ ಏನು ಅಂತ ಕೇಳಿದೆ. ಅವರು ಒಂದೇ ಮಾತಿನಲ್ಲಿ ಹೇಳಿದರು: "ಮೇಷ್ಟ್ರೇ, ಬ್ರಷ್ ಏನೋ ಒಳಗೆ ಹೋಗುತ್ತೆ. ಹೋದ್ಮೇಲೆ ಅದಕ್ಕೆ ಗೋಡೆ ಸಿಗಲ್ಲ."

ಅಳತೆ ಹಿಡಿದು ನೋಡಿದರೆ ಅವರ ಮಾತು ಅಕ್ಷರಶಃ ನಿಜ. ಒಂದು ಲೀಟರಿನ ದುಂಡು ಬಾಟಲಿಯ ಕತ್ತಿನ ಒಳಗಡೆ ಸುಮಾರು 19 ಮಿ.ಮೀ. ಹೊಟ್ಟೆ ಸುಮಾರು 80 ಮಿ.ಮೀ. ಕತ್ತಿನಲ್ಲಿ ಸಲೀಸಾಗಿ ತೂರುವ ಬ್ರಷ್ ಹೊಟ್ಟೆಯೊಳಗೆ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಹೊಟ್ಟೆಗೆ ಸಾಕಾಗುವಷ್ಟು ದಪ್ಪ ಬ್ರಷ್ ತಂದರೆ ಕತ್ತಿನಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಬಗೆಯ ಬಾಟಲಿಯೂ ಅಲ್ಲಿತ್ತು. ಗಾಣದ ಎಣ್ಣೆಯವರು ಈಗ ಜಾಸ್ತಿ ಬಳಸುವ ಚೌಕ ಬಾಟಲಿ, ಮರಾಸ್ಕಾ ಅಂತಾರೆ. ನೋಡೋಕೆ ಚೆಂದ, ಡಬ್ಬದಲ್ಲಿ ಜೋಡಿಸೋಕೂ ಸುಲಭ. ಆದರೆ ತೊಳೆಯುವವರ ಪಾಲಿಗೆ ನಾಲ್ಕು ಮೂಲೆ ಹೆಚ್ಚುವರಿ. ದುಂಡಗೆ ತಿರುಗುವ ಬ್ರಷ್ ಮೂಲೆಗೆ ಯಾವತ್ತೂ ಮುಟ್ಟುವುದಿಲ್ಲ.

ಖಾಲಿ ಬಾಟಲಿಯ ತಳಕ್ಕೆ ಮೊಬೈಲ್ ಟಾರ್ಚ್ ಹಿಡಿದು ಕತ್ತಿನಿಂದಲೂ ಹೊರಗಡೆಯಿಂದಲೂ ನೋಡಿದೆವು. ಎದುರು ಗೋಡೆ ಪರವಾಗಿಲ್ಲ ಅನ್ನುವ ಹಾಗಿತ್ತು. ಎಣ್ಣೆ ಉಳಿದದ್ದು ಎರಡು ಕಡೆ. ಒಂದು, ತಳ ಮತ್ತು ಗೋಡೆ ಸೇರುವ ಅಂಚು. ಎರಡು, ಕತ್ತಿನಿಂದ ಹೊಟ್ಟೆಗೆ ಇಳಿಯುವ ಹೆಗಲು. ತಳದ ಜಿಡ್ಡಿನ ಬಗ್ಗೆ ಎಲ್ಲರಿಗೂ ಗೊತ್ತು, ಎಲ್ಲರೂ ಅಲ್ಲೇ ಉಜ್ಜುತ್ತಾರೆ. ಹೆಗಲನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ಬಾಯಿಂದ ಇಣುಕಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ತೆಳ್ಳಗೆ ಹಳದಿ ಬಣ್ಣದ ಒಂದು ಪದರ ಕೂತಿತ್ತು. ಉಗುರಿಗೆ ಸಿಕ್ಕಿದರೆ ಅಂಟಂಟು. ಪಾತ್ರೆ ಸೋಪಿಗೆ ಜಗ್ಗುತ್ತಿರಲಿಲ್ಲ.

ಆ ಪದರ ಎಣ್ಣೆಯಲ್ಲ

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಮನೆಯಲ್ಲಿ ತೊಳೆಯುವವರೂ, ಬ್ರಷ್ ಮಾರುವವರೂ ಇದನ್ನು ಗಮನಿಸುವುದಿಲ್ಲ.

ಎಲ್ಲ ಎಣ್ಣೆ ಒಂದೇ ಥರ ಹಳತಾಗುವುದಿಲ್ಲ. ಕೆಲವು ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿಕೊಂಡು, ಒಂದರ ಅಣು ಇನ್ನೊಂದಕ್ಕೆ ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಅಗಸೆ ಎಣ್ಣೆಯನ್ನು ಪೇಂಟ್ ಮತ್ತು ವಾರ್ನಿಷ್‌ಗೆ ಬಳಸುವುದು ಇದೇ ಕಾರಣಕ್ಕೆ. ಎಣ್ಣೆಗೆ ಹೀಗೆ ಒಣಗುವ ಗುಣ ಎಷ್ಟಿದೆ ಅಂತ ಅಂದಾಜು ಮಾಡಲು ಅಯೊಡಿನ್ ಮೌಲ್ಯ ಅಂತ ಒಂದು ಲೆಕ್ಕವಿದೆ. ಅಗಸೆಯದು 170ಕ್ಕಿಂತ ಮೇಲೆ. ಕುಸುಬೆಯದು 140ರ ಆಸುಪಾಸು. ಎಳ್ಳು 110ರ ಸುತ್ತ, ಕಡಲೆಕಾಯಿ 90ರ ಸುತ್ತ. ಕೊಬ್ಬರಿ ಎಣ್ಣೆಯದು 10ರೊಳಗೆ. ಅಂದರೆ ಕೊಬ್ಬರಿ ಎಣ್ಣೆ ಬಾಟಲಿ ವರ್ಷವಿಟ್ಟರೂ ಒಳಗಿನದು ಎಣ್ಣೆಯಾಗಿಯೇ ಇರುತ್ತದೆ. ಕುಸುಬೆ ಎಣ್ಣೆ ಬಾಟಲಿಯನ್ನು ಒಲೆ ಪಕ್ಕದ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟರೆ ಒಳಗೆ ವಾರ್ನಿಷ್ ಬಳಿದ ಹಾಗೆಯೇ ಆಗುತ್ತದೆ.

ಅಟ್ಟದಿಂದ ಬಂದ ರಾಶಿಯನ್ನು ಹಳೆಯ ಚೀಟಿ ನೋಡಿ ಬೇರೆ ಮಾಡಿದಾಗ ಲೆಕ್ಕ ತಾಳೆಯಾಯಿತು. ಹಳದಿ ಪೊರೆ ಇದ್ದವು ಹೆಚ್ಚಾಗಿ ಕುಸುಬೆಯವು, ಆಮೇಲೆ ಎಳ್ಳಿನವು. ಕೊಬ್ಬರಿಯ ಬಾಟಲಿಗಳ ಸಮಸ್ಯೆಯೇ ಬೇರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ತುಮಕೂರಿನ ಕಡೆ ಮಾಗಿಯ ಬೆಳಗ್ಗೆ ತಣ್ಣೀರಿನಲ್ಲಿ ಎಷ್ಟು ಉಜ್ಜಿದರೂ ಬ್ರಷ್‌ಗೆ ಬೆಣ್ಣೆ ಮೆತ್ತಿಕೊಳ್ಳುತ್ತದೆ ಅಷ್ಟೇ. ಅಲ್ಲಿ ಬ್ರಷ್ ಬೇಡವೇ ಬೇಡ, ಬಿಸಿನೀರು ಸಾಕು. ಅಕ್ಕ ಎಲ್ಲವನ್ನೂ ಒಂದೇ ಬಕೆಟ್‌ಗೆ ಹಾಕಿ ಒಂದೇ ಬ್ರಷ್ಷಿನಲ್ಲಿ ತೊಳೆಯುತ್ತಿದ್ದರು. ಅವರಿಗೆ ಹಾಗೇ ಹೇಳಿಕೊಟ್ಟಿದ್ದರು.

ಬ್ರಷ್ ಯಾವುದು ಅನ್ನುವುದಕ್ಕಿಂತ ಒಳಗಿನ ಕೊಳೆ ಯಾವುದು ಅನ್ನುವುದೇ ಮುಖ್ಯ. ಈ ಮಾತಿಗೆ ಗೋಲಿ ಸೋಡಾ ಒಳ್ಳೆಯ ಸಾಕ್ಷಿ. ಹಿರಾಮ್ ಕಾಡ್ ಎಂಬ ಇಂಗ್ಲಿಷಿನವನು 1870ರ ದಶಕದಲ್ಲಿ ಪೇಟೆಂಟ್ ಮಾಡಿಸಿದ ಆ ಬಾಟಲಿಯಲ್ಲಿ ಕತ್ತು ಹಿಸುಕಿದ್ದಾರೆ, ಮೇಲೆ ಗೋಲಿ ಬೇರೆ. ಮಾಮೂಲಿ ಬ್ರಷ್ ಒಳಗಿಳಿಯದು. ಆದರೂ ಊರೂರಲ್ಲಿ ಅದನ್ನು ವರ್ಷಗಟ್ಟಲೆ ಮರುಬಳಕೆ ಮಾಡಿದರು. ಒಳಗಿದ್ದದ್ದು ನೀರು, ಗ್ಯಾಸು, ಒಂದಿಷ್ಟು ಸಕ್ಕರೆ. ನೀರಲ್ಲಿ ಕರಗುವ ಕೊಳೆಗೆ ಉಜ್ಜುವ ಕೆಲಸವೇ ಇಲ್ಲ.

ಏನೇನು ಹಾಕಿ ನೋಡಿದೆವು

ಉಜ್ಜೋಕೆ ಬ್ರಷ್ ಸಿಗದಿದ್ದರೆ ಒಳಗೆ ಏನಾದರೂ ಹಾಕಿ ಕುಲುಕುವುದು ಹಳೆಯ ದಾರಿ. ಅಕ್ಕ ಅವರ ಅಜ್ಜಿ ಕಾಲದಿಂದ ಬಂದದ್ದನ್ನೆಲ್ಲ ಹೇಳಿದರು. ಮರಳು ಬೇಡ ಅಂದೆ. ಮರಳಿನ ಕಣ ಗಾಜಿಗಿಂತ ಗಟ್ಟಿ, ಒಳಗೋಡೆಗೆ ಗೀರು ಬೀಳುತ್ತದೆ. ಗೀರು ಬಿದ್ದ ಗಾಜು ಬೇಗ ಒಡೆಯುತ್ತದೆ, ಮತ್ತೆ ಜಿಡ್ಡು ಆ ಗೀರಿನಲ್ಲೇ ಕೂರುತ್ತದೆ. ಮೊಟ್ಟೆ ಚಿಪ್ಪಿನ ಪುಡಿ ನಿಜಕ್ಕೂ ಒಳ್ಳೆಯದು, ಗಾಜಿಗಿಂತ ಮೆತ್ತಗೆ, ಅಂಚು ಚೂಪು. ಯಜಮಾನರು ಕೈ ಮುಗಿದರು. "ಅದೊಂದು ಬೇಡ ಸಾರ್. ಗಿರಾಕಿಗಳಿಗೆ ಗೊತ್ತಾದ್ರೆ ದೀಪಕ್ಕೂ ನಮ್ಮ ಎಣ್ಣೆ ತಗೊಳ್ಳಲ್ಲ." ಸರಿಯಾದ ಮಾತೇ.

ಕಡಲೆಹಿಟ್ಟು ಹಸಿ ಎಣ್ಣೆಯನ್ನು ಚೆನ್ನಾಗಿ ಹೀರಿತು, ಆಮೇಲೆ ಕತ್ತಿನಲ್ಲಿ ಅಂಟಾಗಿ ಕೂತಿತು. ಅದನ್ನು ತೆಗೆಯೋಕೆ ಇನ್ನೊಂದು ಬ್ರಷ್. ಅಕ್ಕಿ ನುಚ್ಚು ಒಂದೆರಡು ಬಾಟಲಿಗೆ ಸರಿ. ದಿನವೂ ಕ್ರೇಟುಗಟ್ಟಲೆ ತೊಳೆಯುವಾಗ ಒಂದು ಕಾಳು ಒಳಗೆ ಉಳಿದರೂ ನೆನೆದು ಹುಳಿಯುತ್ತದೆ. ಕಲ್ಲುಪ್ಪು ಪರವಾಗಿಲ್ಲ, ಆದರೆ ನೀರು ಒಂದೆರಡು ಚಮಚ ಮೀರಬಾರದು. ಜಾಸ್ತಿ ನೀರು ಹಾಕಿದರೆ ಉಜ್ಜುವ ಮುಂಚೆಯೇ ಕರಗಿಹೋಗುತ್ತದೆ.

ಕೊನೆಗೆ ನಿಂತದ್ದು ಸ್ಟೀಲ್ ಗುಂಡು. ಮೂರು ನಾಲ್ಕು ಮಿ.ಮೀ. ಗಾತ್ರದ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಗುಂಡುಗಳು. ವೈನ್ ಸುರಿಯುವ ಗಾಜಿನ ಕೂಜಾ ತೊಳೆಯಲು ಇವನ್ನೇ ಮಾರುತ್ತಾರೆ. ಬಟ್ಟೆ ಸೋಡಾ ಕದಡಿದ ಸ್ವಲ್ಪ ನೀರಿನೊಂದಿಗೆ ಗುಂಡು ಹಾಕಿ ಬಾಟಲಿಯನ್ನು ಓರೆ ಹಿಡಿದು ಸುತ್ತಿಸಿದರೆ ತಳದ ಅಂಚಿನಲ್ಲಿ ಗುಂಡುಗಳು ಸಾಲಾಗಿ ಓಡುತ್ತವೆ. ಚೌಕ ಬಾಟಲಿಯ ಮೂಲೆಗೂ ಹೋಗುತ್ತವೆ. ತಲೆಕೆಳಗೆ ಮಾಡಿ, ಬಾಯಿಗೆ ಬಿರಡೆ ಒತ್ತಿ ಸುತ್ತಿಸಿದರೆ ಹೆಗಲು. ಜೋರಾಗಿ ಮೇಲೆ ಕೆಳಗೆ ಕುಲುಕಬಾರದು, ತಳಕ್ಕೆ ಏಟು ಬೀಳುತ್ತದೆ. ಸುತ್ತಿಸಬೇಕು.

ಇದರ ಇತಿಹಾಸ ಅಷ್ಟು ಚೆನ್ನಾಗಿಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ವೈನ್ ಬಾಟಲಿ ತೊಳೆಯಲು ಬಂದೂಕಿನ ಸೀಸದ ಚರೆಗಳನ್ನು ಹಾಕಿ ಕುಲುಕುತ್ತಿದ್ದರು. ಚರೆಗಳು ತಳದ ಸಂದಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಮೇಲೆ ಹುಳಿಯ ವೈನ್ ತುಂಬಿದರೆ ಸೀಸ ಅದರಲ್ಲಿ ಕರಗುತ್ತಿತ್ತು, ಕುಡಿದವರಿಗೆ ಹೊಟ್ಟೆನೋವು. ಲಂಡನ್ನಿನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಆಕಮ್ 1820ರಲ್ಲೇ ಈ ಬಗ್ಗೆ ಎಚ್ಚರಿಸಿದ್ದ. ನಮ್ಮಲ್ಲೂ ಯಾರಾದರೂ ಗುಜರಿಯಿಂದ ಯಾವುದೋ ಗುಂಡು ತಂದು ಹಾಕಿಯಾರು ಅಂತ ಇಷ್ಟು ಹೇಳಿದೆ. ಸೈಕಲ್ ಬೇರಿಂಗಿನ ಗುಂಡೂ ಬೇಡ, ಅದು ತುಕ್ಕು ಹಿಡಿಯುತ್ತದೆ.

ಸ್ಟೀಲ್ ಆದರೂ ಬಾಟಲಿಯೊಳಗೆ ಒಂದು ಗುಂಡು ಉಳಿದು ಅದರ ಮೇಲೆ ಎಣ್ಣೆ ತುಂಬಿದರೆ ಮರ್ಯಾದೆ ಹೋಯಿತು. ಮ್ಯಾಗ್ನೆಟ್ ಇಟ್ಟು ಹುಡುಕೋಣ ಅಂದರೆ ಈ ಬಗೆಯ ಸ್ಟೀಲ್ ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ಅಕ್ಕ ಮನೆಯಿಂದ ಅಳಗುಳಿ ಮಣೆ ತಂದರು. ಹದಿನಾಲ್ಕು ಗುಳಿ, ಗುಳಿಗೆ ಐದು, ಒಟ್ಟು 70 ಗುಂಡು. ಒಂದು ಬಾಟಲಿಯಿಂದ ಜರಡಿಗೆ ಸುರಿದು ಇನ್ನೊಂದಕ್ಕೆ ಹಾಕುತ್ತ ಒಂದು ಕ್ರೇಟ್ ಮುಗಿಸುತ್ತಾರೆ. ಆಮೇಲೆ ಮಣೆ ತುಂಬುತ್ತಾರೆ. ಒಂದು ಗುಳಿಯಲ್ಲಿ ನಾಲ್ಕೇ ಇದ್ದರೆ ಆ ಕ್ರೇಟು ಮುಂದಕ್ಕೆ ಹೋಗುವಂತಿಲ್ಲ. ನನ್ನ ಲ್ಯಾಬಿನಲ್ಲಿ ಇಷ್ಟು ಒಳ್ಳೆಯ ಎಣಿಕೆ ಪದ್ಧತಿ ಇಲ್ಲ.

ಬ್ರಷ್‌ಗಳಲ್ಲಿ ಉಳಿದದ್ದು ಒಂದೇ ಬಗೆ. ಉದ್ದ ಹಿಡಿಯ, ತುದಿಯಲ್ಲಿ ಬೀಸಣಿಗೆ ಹಾಗೆ ಹರಡಿದ ನೈಲಾನ್ ಕೂದಲಿನದು. ಹೆಣೆದ ತಂತಿಯನ್ನು ಕೂದಲು ಶುರುವಾಗುವ ಜಾಗಕ್ಕಿಂತ ಎರಡು ಬೆರಳು ಮೇಲೆ ಸ್ವಲ್ಪ ಬಗ್ಗಿಸಬೇಕು. ಓರೆಯಾಗಿ ಕತ್ತಿನಲ್ಲಿ ತೂರಿಸಿ, ಒಳಗೆ ಹೋದ ಮೇಲೆ ತಿರುಗಿಸುತ್ತ ಮೇಲಕ್ಕೆ ಎಳೆದರೆ ಕೂದಲು ಹೆಗಲಿಗೆ ಒತ್ತಿಕೊಂಡು ಬರುತ್ತದೆ. ಒತ್ತುವಾಗಲ್ಲ, ಎಳೆಯುವಾಗ ಹೆಗಲು ಸಿಗುತ್ತದೆ. ಕೊಳ್ಳುವಾಗ ತುದಿ ನೋಡಿ. ಅಗ್ಗದ ಬ್ರಷ್‌ಗಳಲ್ಲಿ ತಂತಿಯ ತುದಿ ಬೋಳಾಗಿರುತ್ತದೆ, ಅದು ತಳವನ್ನು ಗೀರುತ್ತದೆ. ಸ್ಪಂಜಿನ ಬ್ರಷ್ ಮೊದಲ ದಿನ ಚೆನ್ನ. ಆಮೇಲೆ ಸ್ಪಂಜೇ ಕಮಟಾಗಿ, ಆ ವಾಸನೆಯನ್ನು ಬಾಟಲಿಯಿಂದ ಬಾಟಲಿಗೆ ಹಂಚುತ್ತದೆ.

ಡ್ರಿಲ್ ಮೆಷಿನ್ನಿಗೆ ಸಿಕ್ಕಿಸುವ ಸಲಾಕೆಯೂ ಒಂದು ಬಂತು. ತುದಿಯಲ್ಲಿ ಬಟ್ಟೆಯ ಪಟ್ಟಿಗಳಿರುತ್ತವೆ, ತಿರುಗಿದಾಗ ಅಗಲವಾಗಿ ಬಿಚ್ಚಿಕೊಂಡು ಗೋಡೆಗೆ ಬಡಿಯುತ್ತವೆ. ಅಂಗಡಿಯ ದೊಡ್ಡ ಐದು ಲೀಟರಿನ ಜಾಡಿಗಳಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡಿತು. ಒಂದು ಲೀಟರಿಗೆ ಬೇಕಿಲ್ಲ. ಒದ್ದೆ ಕೈಯಲ್ಲಿ ಕರೆಂಟಿನ ಡ್ರಿಲ್ ಹಿಡಿಯುವುದು ಯಾರಿಗೂ ಬೇಡ, ಬ್ಯಾಟರಿಯದಾದರೆ ಸರಿ. ನಿಧಾನದ ವೇಗದಲ್ಲಿ ಮಾತ್ರ.

ಸೋಡಾ ಮತ್ತು ಅರಿಶಿನ

ಒಣಗಿದ ಪೊರೆಗೆ ಬ್ರಷ್ಷು, ಗುಂಡು ಎರಡೂ ನಂತರದ ಮಾತು. ಮೊದಲು ಅದು ಮೆತ್ತಗಾಗಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಬಿಸಿ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಅಂಗೈ ಅಗಲದ ಕಟ್ಟೆಯಲ್ಲಿ, ಕೈಗವಸು ಬಿಚ್ಚಿಟ್ಟು ಮಾತಾಡುತ್ತ ಕೆಲಸ ಮಾಡುವ ಜಾಗಕ್ಕೆ ಕಾಸ್ಟಿಕ್ ತರಬೇಡಿ ಅಂದೆ. ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬಟ್ಟೆ ಸೋಡಾ ಸಾಕು. ಲೀಟರಿಗೆ ಎರಡು ದೊಡ್ಡ ಚಮಚ, 55ರಿಂದ 60 ಡಿಗ್ರಿ ಬಿಸಿ, ರಾತ್ರಿಯಿಡೀ ಮುಳುಗಿಸಿಡುವುದು. ಡ್ರಮ್ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು, ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ. ನೀರು ಕುದಿಯುತ್ತಿರಬಾರದು. ಬಾಟಲಿಯ ಗಾಜು ಒಮ್ಮೆಗೆ ಸುಮಾರು 40 ಡಿಗ್ರಿ ವ್ಯತ್ಯಾಸ ತಡೆದೀತು. ಅದಕ್ಕಿಂತ ಜಾಸ್ತಿಯಾದರೆ ಬಿರುಕು.

ಬೆಳಗ್ಗೆ ನೋಡಿದರೆ ಪೊರೆ ಚೂರು ಚೂರಾಗಿ ಎದ್ದಿರುತ್ತದೆ. ಆಮೇಲೆ ಗುಂಡು, ಆಮೇಲೆ ಬಗ್ಗಿಸಿದ ಬ್ರಷ್.

ಬೋರ್‌ವೆಲ್ ನೀರು ಗಡಸಾದ್ದರಿಂದ ಸೋಡಾ ಜೊತೆ ಸೇರಿ ಬಿಳಿ ಮಬ್ಬು ಬಿಟ್ಟಿತು. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿದ ನೀರಲ್ಲಿ ಒಂದು ಸಲ ತೊಳೆದರೆ ಹೋಯಿತು. ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು.

ಸೋಡಾ ಪೂರ್ತಿ ಹೋಗಿದೆ ಅಂತ ಹೇಗೆ ಗೊತ್ತಾಗಬೇಕು? ಲಿಟ್ಮಸ್ ಕಾಗದ ತರುತ್ತೇನೆ ಅಂದೆ. ಯಜಮಾನರ ಹೆಂಡತಿ ಅಡುಗೆಮನೆಯಿಂದ ಅರಿಶಿನ ತಂದರು. ಆರತಿ ನೀರು ಕೆಂಪಾಗಿಸಲು ಅರಿಶಿನಕ್ಕೆ ಸುಣ್ಣ ಹಾಕುವುದು ಎಲ್ಲರಿಗೂ ಗೊತ್ತಲ್ವಾ, ಸೋಡಾ ಇದ್ದರೂ ಹಾಗೇ ಆಗುತ್ತದೆ. ಕೊನೆಯ ತೊಳೆತದ ನೀರನ್ನು ಬಿಳಿ ಬಟ್ಟಲಿಗೆ ಹಾಕಿ ಚಿಟಿಕೆ ಅರಿಶಿನ ಕದಡುವುದು. ಪಕ್ಕದ ಬಟ್ಟಲಲ್ಲಿ ಬರೀ ಫಿಲ್ಟರ್ ನೀರಿಗೆ ಅರಿಶಿನ. ಎರಡೂ ಒಂದೇ ಹಳದಿ ಇದ್ದರೆ ಸರಿ. ಮೊದಲನೆಯದು ಕಿತ್ತಳೆ, ಕೆಂಪು ಕಡೆ ವಾಲಿದರೆ ಇನ್ನೊಮ್ಮೆ ತೊಳೆಯಬೇಕು.

ಜಿಡ್ಡಿನ ಪರೀಕ್ಷೆ ಇನ್ನೂ ಸುಲಭ. ಒಳಗೆ ನೀರು ಹಾಕಿ ಚೆಲ್ಲಿ ಬೆಳಕಿಗೆ ಹಿಡಿಯುವುದು. ಶುದ್ಧ ಗಾಜಿನ ಮೇಲೆ ನೀರು ಪೊರೆಯಾಗಿ ಹರಡಿ ಒಂದೇ ಸಮ ಇಳಿಯುತ್ತದೆ. ಜಿಡ್ಡು ಇರುವಲ್ಲಿ ನೀರು ಒಡೆದು ಹನಿಯಾಗಿ ನಿಲ್ಲುತ್ತದೆ. ಹೆಗಲಿನ ಕಡೆ ಹನಿ ನಿಂತ ಬಾಟಲಿ ಮತ್ತೆ ಡ್ರಮ್ಮಿಗೆ.

ಇಷ್ಟಾದರೂ ವಾಸನೆ

ಬಾಟಲಿಗಳು ಹೊಸದರಂತೆ ಹೊಳೆಯುತ್ತಿದ್ದವು. ದೂರು ಕಡಿಮೆಯಾಯಿತು, ನಿಲ್ಲಲಿಲ್ಲ. ಖಾಲಿ ಬಾಟಲಿಗೆ ಮುಚ್ಚಳ ಹಾಕಿ ಬಿಸಿಲಿಗಿಟ್ಟು, ಆಮೇಲೆ ತೆಗೆದು ಮೂಸಿದರೆ ಕೆಲವು ಇನ್ನೂ ಕಮಟು. ಮುಚ್ಚಳ ಹಾಕದೆ ಇಟ್ಟವು ಏನೂ ಇಲ್ಲ. ಕಳ್ಳ ಮುಚ್ಚಳದೊಳಗಿದ್ದ. ಒಳಗಿನ ಮೆತ್ತನೆಯ ವಾಷರ್ ಎಣ್ಣೆ ಕುಡಿದು ಕೂತಿತ್ತು. ಎಣ್ಣೆ ಹನಿ ಹನಿಯಾಗಿ ಬರಲೆಂದು ಬಾಯಿಗೆ ಕೂರಿಸುವ ಪ್ಲಾಸ್ಟಿಕ್ ತುಣುಕಿನ ಅಡಿಯೂ ಹಾಗೇ. ಎರಡನ್ನೂ ತೊಳೆಯುವ ಗೋಜಿಗೆ ಹೋಗಬೇಡಿ, ಪ್ರತಿ ಸಲ ಹೊಸದು ಹಾಕಿ ಅಂತ ತೀರ್ಮಾನವಾಯಿತು. ಖರ್ಚು ಅಂತ ಜಾಸ್ತಿ ಬಿದ್ದದ್ದು ಇದೊಂದೇ.

ಇನ್ನೊಂದು, ಒಣಗಿಸುವುದು. ಅಕ್ಕ ಬಾಟಲಿಗಳನ್ನು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಬಾಯಿ ಬಟ್ಟೆಗೆ ಅಂಟಿದರೆ ಗಾಳಿ ಒಳಗೆ ಹೋಗುವುದು ಹೇಗೆ? ಮರುದಿನವೂ ಒಳಗೆ ಬೆವರು. ಆ ಒಂದು ಹನಿ ನೀರು ಎಣ್ಣೆಯ ತಳಕ್ಕಿಳಿದು ಎಣ್ಣೆ ಕೆಡಿಸುತ್ತದೆ. ಈಗ ಗೂಟಗಳ ಮರದ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಲ್ಲಿಸುತ್ತಾರೆ. ಕೊನೆಯ ತೊಳೆತ ಬಿಸಿನೀರಿನದಾದ್ದರಿಂದ ಗಾಜಿನ ಬಿಸಿಗೇ ಅರ್ಧ ಒಣಗುತ್ತದೆ. ಮಳೆಗಾಲಕ್ಕೆ ಮೀನಿನ ತೊಟ್ಟಿಗೆ ಗಾಳಿ ಊದುವ ಸಣ್ಣ ಪಂಪು ತಂದಿದ್ದಾರೆ. ತೆಳ್ಳನೆಯ ಪೈಪು ತಳದವರೆಗೆ ಇಳಿಬಿಟ್ಟರೆ ಒದ್ದೆ ಗಾಳಿ ತಾನೇ ಮೇಲೆ ಬರುತ್ತದೆ. ನೀರು ಬೇಗ ಚೆಲ್ಲಬೇಕಾದರೆ ತಲೆಕೆಳಗೆ ಹಿಡಿದು ಒಂದು ಸುತ್ತು ಸುತ್ತಿಸಿ ಬಿಡಿ. ಸುಳಿ ಬಿದ್ದು ನಡುವೆ ಗಾಳಿಗೆ ದಾರಿಯಾಗುತ್ತದೆ, ಗಳಗಳ ಅಂತ ಕಾಯಬೇಕಿಲ್ಲ.

ಅರ್ಧ ಇಂಚಿನ ಪೈಪಿಗೆ ಮೇಲ್ಮುಖದ ನಾಜಲ್ ಹಾಕಿಸಿದ್ದೂ ಉಪಯೋಗಕ್ಕೆ ಬಂತು. ಬಾಟಲಿ ಬೋರಲು ಹಿಡಿದರೆ ನೀರು ತಳಕ್ಕೆ ಚಿಮ್ಮಿ ಗೋಡೆಗುಂಟ ಇಳಿಯುತ್ತದೆ. ಆದರೆ ಇದು ಎದ್ದ ಕೊಳೆಯನ್ನು ಹೊರಹಾಕುವ ಸಾಧನ, ಅಂಟಿದ್ದನ್ನು ಎಬ್ಬಿಸುವುದಲ್ಲ. ಕೆಲವರು ನಾಜಲ್ ಒಂದಿದ್ದರೆ ಸಾಕು ಅಂದುಕೊಳ್ಳುತ್ತಾರೆ.

ಕೌಂಟರಿನಲ್ಲೇ ಅರ್ಧ ಕೆಲಸ

ಹೆಚ್ಚು ಫಲ ಕೊಟ್ಟದ್ದು ಯಾವ ಸಾಧನವೂ ಅಲ್ಲ, ಗಿರಾಕಿಗೆ ಕೊಡುವ ಚೀಟಿಯ ಹಿಂದೆ ಬರೆಸಿದ ನಾಲ್ಕು ಸಾಲು. ಎಣ್ಣೆ ಮುಗಿದ ದಿನವೇ ಬಿಸಿನೀರು, ಎರಡು ಹನಿ ಪಾತ್ರೆ ಸೋಪು ಹಾಕಿ ಕುಲುಕಿ ಚೆಲ್ಲಿ. ಮುಚ್ಚಳ ಹಾಕದೆ ಇಡಿ. ಅಟ್ಟಕ್ಕೆ ಹಾಕಬೇಡಿ. ಬೇರೇನೂ ತುಂಬಬೇಡಿ. ಒಣಗುವ ಮುಂಚೆ ಎಣ್ಣೆ ಹೋದರೆ ಸೋಡಾ, ಗುಂಡು, ಬ್ರಷ್ ಯಾವುದೂ ಬೇಕಾಗುವುದಿಲ್ಲ. ಹಾಗೆ ತಂದವರಿಗೆ ಬಾಟಲಿ ದುಡ್ಡು ಪೂರ್ತಿ, ಇಲ್ಲದವರಿಗೆ ಅರ್ಧ.

ಸೀಮೆಎಣ್ಣೆ, ಫಿನಾಯಿಲ್, ಔಷಧಿ ವಾಸನೆ ಇದ್ದವನ್ನು ತೊಳೆಯುವ ಮಾತೇ ಇಲ್ಲ, ನೇರ ಗುಜರಿಗೆ. ಇಲ್ಲಿ ದಾಕ್ಷಿಣ್ಯ ಬೇಡ ಅಂತ ಯಜಮಾನರಿಗೆ ಒತ್ತಿ ಹೇಳಬೇಕಾಯಿತು, ಅವರು ಸ್ವಲ್ಪ ಸಂಕೋಚದ ಮನುಷ್ಯ. ಆಹಾರ ಪ್ಯಾಕಿಂಗಿನ 2018ರ ನಿಯಮಗಳಲ್ಲೂ ಮರುಬಳಕೆಯ ಗಾಜಿನ ಬಾಟಲಿ ಗಟ್ಟಿಯಾಗಿ, ಸುಲಭವಾಗಿ ತೊಳೆಯುವಂತೆ ಇರಬೇಕು ಅಂತಿದೆ. ಒಮ್ಮೆ ಬಳಸಿದ ತಗಡಿನ ಡಬ್ಬವನ್ನಂತೂ ಮತ್ತೆ ಬಳಸುವಂತಿಲ್ಲ.

ಉಳಿದದ್ದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ 200 ಮಿ.ಲೀ. ಬಾಟಲಿ. ಅದರ ಕತ್ತಿಗೆ ಕಿರುಬೆರಳೂ ಹೋಗುವುದಿಲ್ಲ. ಅದನ್ನು ವಾಪಸ್ ತೆಗೆದುಕೊಳ್ಳುವುದು ನಿಲ್ಲಿಸಿ, ಅಗಲ ಬಾಯಿಯ ಬಾಟಲಿಗೆ ಹೋಗೋಣ ಅಂತ ಯಜಮಾನರ ಹೆಂಡತಿಯ ಲೆಕ್ಕ. ಚಳಿಗೆ ಹೆಪ್ಪುಗಟ್ಟಿದಾಗ ಬೆರಳಲ್ಲೂ ತೆಗೆಯಬಹುದು, ಅಲ್ವಾ? ಯಜಮಾನರು ಒಪ್ಪಿಲ್ಲ. ಅಗಲ ಬಾಯಿಂದ ಸುರಿದರೆ ಎಣ್ಣೆ ಬಾಟಲಿಯ ಹೊರಗೆಲ್ಲ ಇಳಿಯುತ್ತೆ, ಚೀಟಿ ಕಿತ್ತುಬರುತ್ತೆ ಅಂತಾರೆ. ಸದ್ಯಕ್ಕೆ ಎರಡೂ ಬಗೆಯಲ್ಲಿ ಒಂದೊಂದು ಕ್ರೇಟ್ ತುಂಬಿ ಅಂಗಡಿಯಲ್ಲಿ ಇಟ್ಟಿದ್ದಾರೆ.